ಜೂನ್ ಒಂದರಂದು ಹುಟ್ಟಿದವರು

ಅರವತ್ತು ದಾಟಿದ ಹಳ್ಳಿಯ ಹಿರಿಯರನ್ನು ಅವರ ಹುಟ್ಟಿದ ದಿನ ಯಾವುದೆಂದು ಕೇಳಿ ನೋಡಬೇಕು. ಹತ್ತು ಮಂದಿಯಲ್ಲಿ ಒಬ್ಬಿಬ್ಬರಾದರೂ ‘ಜೂನ್ ಒಂದು’ ಎನ್ನುತ್ತಾರೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ, ಪಿಂಚಣಿ ಕಾಗದದಲ್ಲಿ, ಬ್ಯಾಂಕಿನ ದಾಖಲೆಯಲ್ಲಿ, ಈಗ ಆಧಾರ್ ಕಾರ್ಡಿನಲ್ಲೂ ಅದೇ ತಾರೀಖು. ಒಂದೇ ಮನೆಯ ಅಣ್ಣ ತಮ್ಮ ಇಬ್ಬರೂ ಎರಡು ವರ್ಷದ ಅಂತರದಲ್ಲಿ ಅದೇ ದಿನ ಹುಟ್ಟಿರುವುದುಂಟು. ಜಾತಕ ಬರೆಯುವವರು ಕಂಡರೆ ತಲೆ ಕೆರೆದುಕೊಳ್ಳಬೇಕು.

ಅವರ ತಾಯಂದಿರನ್ನು ಕೇಳಿದ್ದರೆ ಬೇರೆಯೇ ಉತ್ತರ ಸಿಗುತ್ತಿತ್ತು. ‘ಕೆರೆ ಕೋಡಿ ಬಿದ್ದ ವರ್ಷ, ದೀಪಾವಳಿಗೆ ಇನ್ನೂ ಎಂಟು ದಿನ ಇತ್ತು’ ಎಂದೋ, ‘ಕೆಂದ ಹಸು ಕರು ಹಾಕಿದ ಮಾರನೆಯ ವಾರ’ ಎಂದೋ ಆಕೆ ಹೇಳುತ್ತಿದ್ದಳು. ಲೆಕ್ಕ ಖಚಿತವಾಗಿಯೇ ಇತ್ತು. ಆದರೆ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಕೆರೆ ಕೋಡಿಗೆ, ಕೆಂದ ಹಸುವಿಗೆ ಅಂಕಣ ಇರಲಿಲ್ಲ. ದಿನಾಂಕ, ತಿಂಗಳು, ಇಸವಿ ಬೇಕು. ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಹುಡುಗನನ್ನು ಒಮ್ಮೆ ನೋಡುತ್ತಿದ್ದರು. ‘ಎಲ್ಲಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು’ ಎನ್ನುತ್ತಿದ್ದರು. ಬೆರಳು ಕಿವಿಗೆ ತಾಗಿತೋ, ಹುಡುಗನಿಗೆ ಶಾಲೆಗೆ ಸೇರುವ ವಯಸ್ಸಾಯಿತು. ಶಾಲೆ ತೆರೆದ ದಿನದಿಂದ ಹಿಂದಕ್ಕೆ ಎಣಿಸಿ, ಒಂದನೆಯ ತಾರೀಖು, ಆರನೆಯ ತಿಂಗಳು ಎಂದು ಬರೆದು ಮಸಿ ಒಣಗಿಸುತ್ತಿದ್ದರು. ಅಂದಿನಿಂದ ಅವನು ಜೂನ್ ಒಂದರಂದು ಹುಟ್ಟಿದವನು.

ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರಲ್ಲಿ. ಅದು ಹಳ್ಳಿಯ ಬಾಣಂತಿ ಕೋಣೆಯವರೆಗೆ ನಡೆದು ಬರಲು ಮತ್ತೂ ಹಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಸರ್ಕಾರದ ಕಣ್ಣಿಗೆ ಮಗು ಹುಟ್ಟುತ್ತಿದ್ದುದೇ ಶಾಲೆಯ ಹೊಸ್ತಿಲ ಮೇಲೆ. ಇದರಲ್ಲಿ ನಗುವಂಥದ್ದು ಇದೆ. ಎರಡು ವರ್ಷ ಹೆಚ್ಚು ಬರೆಸಿಕೊಂಡು ಮೊದಲೇ ನಿವೃತ್ತರಾಗಿ ಮೇಷ್ಟ್ರನ್ನು ಬೈದುಕೊಂಡವರಿದ್ದಾರೆ. ಕಡಿಮೆ ಬರೆಸಿಕೊಂಡು ಒಳಗೊಳಗೇ ಹರಸಿದವರೂ ಇದ್ದಾರೆ. ಆದರೆ ನಗುವಿನ ಕೆಳಗೆ ಇನ್ನೊಂದು ಮಾತಿದೆ. ಎಲ್ಲಿಯೂ ಲೆಕ್ಕಕ್ಕಿಲ್ಲದಿದ್ದ ಒಂದು ಮಗುವನ್ನು ಮೊದಲ ಸಲ ಹೆಸರು ಹಿಡಿದು ಲೆಕ್ಕಕ್ಕೆ ತೆಗೆದುಕೊಂಡದ್ದು ಶಾಲೆ. ಮಗುವನ್ನು ಬರಮಾಡಿಕೊಳ್ಳುವುದೆಂದರೆ ಮೂಲತಃ ಅಷ್ಟೇ: ನೀನು ಇದ್ದೀಯೆ ಎಂದು ಒಬ್ಬರು ಬರೆದುಕೊಳ್ಳುವುದು.

ಜನವರಿ ಒಂದು ಕ್ಯಾಲೆಂಡರಿನ ಹೊಸ ವರ್ಷ, ಯುಗಾದಿ ಪಂಚಾಂಗದ ಹೊಸ ವರ್ಷ. ಮಕ್ಕಳಿರುವ ಮನೆಗೆ ಮೂರನೆಯದೊಂದಿದೆ, ಅದು ಬರುವುದು ಮೇ ತಿಂಗಳ ಕೊನೆಯ ವಾರ. ಇತ್ತೀಚಿನ ವರ್ಷಗಳಲ್ಲಿ ಮೇ 29ರ ಸುಮಾರಿಗೆ ರಾಜ್ಯದ ಶಾಲೆಗಳು ತೆರೆಯುತ್ತಿವೆ. ಆದರೂ ಜನರ ಬಾಯಲ್ಲಿ ಅದು ಇಂದಿಗೂ ‘ಜೂನ್ ಒಂದು’. ಒಂದನೇ ತರಗತಿಗೆ ಮಗುವಿನ ವಯಸ್ಸು ಲೆಕ್ಕ ಹಾಕುವುದು ಈಗಲೂ ಆ ತಾರೀಖಿಗೇ. ಆ ವಾರ ದರ್ಜಿಯ ಅಂಗಡಿಯಲ್ಲಿ ಸಮವಸ್ತ್ರದ ರಾಶಿ. ‘ಬೆಳೆಯೋ ಹುಡುಗ, ಎರಡು ಬೆರಳು ಜಾಸ್ತಿ ಬಿಡಿ’ ಎನ್ನುವ ತಾಯಿ. ಪೇಟೆಯ ಪುಸ್ತಕದಂಗಡಿಯ ಮುಂದೆ ಪಟ್ಟಿ ಹಿಡಿದ ತಂದೆಯರ ಸಾಲು. ರಾತ್ರಿ ನಡುಮನೆಯಲ್ಲಿ ಕಂದು ಕಾಗದ, ಕತ್ತರಿ, ಅಂಟು. ಹೊಸ ಪುಸ್ತಕದ ನಡುಹಾಳೆ ತೆರೆದು ಮೂಗಿಗೆ ಹಿಡಿದುಕೊಳ್ಳದ ಮಗು ಎಲ್ಲಿದೆ? ಯುಗಾದಿಗೆ ಬೇವು ಬೆಲ್ಲ. ಈ ಹೊಸ ವರ್ಷಕ್ಕೆ ಬೆಲ್ಲವೆಂದರೆ ಹೊಸ ಪುಸ್ತಕ, ಬೇವೆಂದರೆ ಬೆಳಿಗ್ಗೆ ಬೇಗ ಏಳುವುದು.

ಶಾಲೆಯ ವರ್ಷಕ್ಕೂ ಮಳೆಗೂ ನಂಟಿದೆ. ಬೇಸಗೆಯ ಬಿಸಿಲು ಇಳಿಯಲೆಂದು ರಜೆ, ಬಿಸಿಲು ಇಳಿಸುವ ಮಳೆಯ ಜೊತೆಯಲ್ಲೇ ಶಾಲೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಕೇರಳಕ್ಕೆ ಕಾಲಿಡುವ ಸಾಮಾನ್ಯ ದಿನವೂ ಜೂನ್ ಒಂದೇ. ಕೆಲವೇ ದಿನಗಳಲ್ಲಿ ಅದು ಕರಾವಳಿಗೆ ಬರುತ್ತದೆ. ಅಲ್ಲಿ ಹೊಸ ವರ್ಷದ ಮೊದಲ ಗುರುತು ಕೊಡೆ. ಶಾಲೆಯ ಜಗಲಿಯ ಮೇಲೆ ಸಾಲಾಗಿ ಬಿಡಿಸಿಟ್ಟ ಕಪ್ಪು ಕೊಡೆಗಳು, ಹಿಡಿಕೆಗೆ ಕಟ್ಟಿದ ಬಣ್ಣದ ದಾರ, ಸಂಜೆ ‘ಇದು ನನ್ನದು, ಅದು ನಿನ್ನದು’ ಎಂಬ ಜಗಳ. ಮಲೆನಾಡಿನಲ್ಲಿ ತುಂಬಿದ ಹಳ್ಳದ ಮೇಲೆ ಕಾಲುಸಂಕ. ಮಕ್ಕಳು ದಾಟುವವರೆಗೆ ಈಚೆಗೆ ನಿಂತು ನೋಡುವ ತಾಯಿ. ಬಯಲುಸೀಮೆಯಲ್ಲಿ ನೆಲ ಇನ್ನೂ ಕಾದೇ ಇರುತ್ತದೆ. ಉತ್ತರ ಕರ್ನಾಟಕದಲ್ಲಿ ಅದು ಬಿತ್ತನೆಯ ಹೊತ್ತು. ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ ಎಂಬ ಗಾದೆಯಿದೆ. ಆ ಮಳೆ ಬೀಳುವುದೂ ಶಾಲೆಯ ಗಂಟೆ ಬಾರಿಸುವುದೂ ಒಂದೇ ವಾರ.

ಹೀಗಾಗಿ ಹೊಲವೂ ಶಾಲೆಯೂ ಒಂದೇ ಹುಡುಗನನ್ನು ಒಂದೇ ಬೆಳಿಗ್ಗೆ ಕರೆಯುತ್ತವೆ. ಕೂರಿಗೆಯ ಹಿಂದೆ ಕಾಳು ಬಿಡಲು ಒಂದು ಕೈ ಕಡಿಮೆ ಬೀಳುತ್ತದೆ, ಕೂಸನ್ನು ಆಡಿಸಲು ಒಬ್ಬಳು ಹುಡುಗಿ ಬೇಕಾಗುತ್ತದೆ. ‘ಈ ವಾರ ಒಂದು ಇರಲಿ ಬಿಡ್ರಿ ಸರ, ಬಿತ್ತಿಗೆ ಮುಗದ ಮ್ಯಾಲ ಕಳಸ್ತೀವಿ’ ಎಂದು ತಂದೆ ಹೇಳಿದರೆ ಅದರಲ್ಲಿ ಶಾಲೆಯ ಮೇಲಿನ ಅಸಡ್ಡೆ ಇರುವುದಿಲ್ಲ, ಮಳೆಯ ಭಯ ಇರುತ್ತದೆ. ಅನುಭವವಿರುವ ಮಾಸ್ತರರು ಅವನ ಮೇಲೆ ರೇಗುವುದಿಲ್ಲ. ‘ಆಗಲಿ, ಆದರ ಸೋಮವಾರ ನಾನ ಬಂದು ಕರಕೊಂಡು ಹೋಗತೇನಿ’ ಎಂದು ದಿನ ಗೊತ್ತು ಮಾಡಿಕೊಂಡು ಬರುತ್ತಾರೆ. ದಿನ ಗೊತ್ತಿಲ್ಲದೆ ತಪ್ಪಿದ ಶಾಲೆ ಮತ್ತೆ ಕೂಡಿಬರುವುದು ಕಷ್ಟ ಎಂಬುದು ಅವರಿಗೆ ಗೊತ್ತು.

ಮಕ್ಕಳಿಗಿಂತ ಮೊದಲು ಶಾಲೆ ಎಚ್ಚರಾಗಬೇಕು. ಏಳು ವಾರ ಮುಚ್ಚಿದ್ದ ಬಾಗಿಲ ಬೀಗ ಒಮ್ಮೆಗೆ ತಿರುಗುವುದಿಲ್ಲ. ಕೊಬ್ಬರಿ ಎಣ್ಣೆ ಬಿಡಬೇಕು. ಒಳಗೆ ಜೇಡರ ಬಲೆ, ಹೆಂಚಿನ ಸಂದಿಯಲ್ಲಿ ಗುಬ್ಬಿಯೋ ಪಾರಿವಾಳವೋ ಕಟ್ಟಿದ ಗೂಡು, ಕರಿಹಲಗೆಯ ಮೇಲೆ ಏಪ್ರಿಲ್ ತಿಂಗಳ ತಾರೀಖು. ನೀರಿನ ತೊಟ್ಟಿ ತೊಳೆಯಬೇಕು, ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತದೆಯೇ ನೋಡಬೇಕು, ಅಕ್ಕಿ ಬೇಳೆಗೆ ಹುಳ ಬಿದ್ದಿದೆಯೇ ಪರೀಕ್ಷಿಸಬೇಕು. ಅಡುಗೆಯವರು ಒಲೆಗೆ ಬೂದಿ ತೆಗೆದು, ದೊಡ್ಡ ಪಾತ್ರೆಗಳನ್ನು ಬಿಸಿಲಿಗೆ ಬೋರಲು ಹಾಕುತ್ತಾರೆ. ಈ ಕೆಲಸಗಳಿಗೆ ಹಾರ ತುರಾಯಿ ಇಲ್ಲ, ಪತ್ರಿಕೆಯಲ್ಲಿ ಫೋಟೊ ಬರುವುದಿಲ್ಲ. ಮಗು ಮೊದಲ ದಿನ ಕುಡಿಯುವ ನೀರು ತಿಳಿಯಾಗಿದ್ದರೆ ಅದು ಇವರು ಮಾಡಿದ ಸ್ವಾಗತ.

ಆಮೇಲೆ ಹಬ್ಬ. ‘ಶಾಲಾ ಪ್ರಾರಂಭೋತ್ಸವ’ ಎಂದು ಅದಕ್ಕೆ ಹೆಸರು. ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ರಂಗೋಲಿ. ಕೆಲವು ಊರುಗಳಲ್ಲಿ ಹೊಸ ಮಕ್ಕಳನ್ನು ಸಿಂಗರಿಸಿದ ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಕೂರಿಸಿ ಡೊಳ್ಳು ಬಾರಿಸುತ್ತ ಕರೆತರುತ್ತಾರೆ. ಆರತಿ, ಕೈಗೆ ಒಂದು ಗುಲಾಬಿ, ಪಠ್ಯಪುಸ್ತಕ, ಮಧ್ಯಾಹ್ನದ ಊಟಕ್ಕೆ ಪಾಯಸ ಇಲ್ಲವೇ ಕೇಸರಿಬಾತು, ಉತ್ತರದ ಕಡೆ ಗೋಧಿ ಹುಗ್ಗಿ. ಎಸ್.ಡಿ.ಎಂ.ಸಿ. ಅಧ್ಯಕ್ಷರ ಮಾತು ಇರುತ್ತದೆ, ಪಂಚಾಯಿತಿ ಸದಸ್ಯರ ಮಾತು ಇರುತ್ತದೆ. ಭಾಷಣ ಉದ್ದವಾದಂತೆ ಮುಂದಿನ ಸಾಲಿನ ಪುಟಾಣಿಗಳು ಗುಲಾಬಿಯ ಎಸಳು ಒಂದೊಂದಾಗಿ ಕಿತ್ತು ಎಣಿಸುತ್ತವೆ. ಪಾಯಸದ ಪರಿಮಳ ಬಂದ ಮೇಲೆ ಯಾವ ಭಾಷಣವೂ ನಿಲ್ಲುವುದಿಲ್ಲ.

ಇದೇ ದಿನಗಳಲ್ಲಿ ಇನ್ನೊಂದು ಸಣ್ಣ ಸಮಾರಂಭವೂ ನಡೆಯುತ್ತಿರುತ್ತದೆ. ಸರ್ಕಾರಿ ನೌಕರ ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತನಾಗುತ್ತಾನೆ. ತಿಂಗಳ ಒಂದನೆಯ ತಾರೀಖು ಹುಟ್ಟಿದವನಾದರೆ ಅದರ ಹಿಂದಿನ ದಿನವೇ. ಹೀಗಾಗಿ ಮೇಷ್ಟ್ರು ಬರೆದುಕೊಟ್ಟ ಜೂನ್ ಒಂದರ ಮಕ್ಕಳೆಲ್ಲ ಮೇ 31ರಂದು ಮನೆಗೆ ಹೊರಡುತ್ತಾರೆ. ಅವರಲ್ಲಿ ಮೇಷ್ಟ್ರುಗಳೂ ಇರುತ್ತಾರೆ. ಬೆಳಿಗ್ಗೆ ಒಂದನೇ ತರಗತಿಯ ಮಗುವಿನ ಕೈಗೆ ಹೂವು ಕೊಟ್ಟ ಹೆಡ್‌ಮಾಸ್ತರರಿಗೆ ಸಂಜೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಾರೆ. ಹೋಗುವಾಗ ಅವರು ಬೀರುವಿನ ಕೀಲಿಗಳನ್ನು ಎಣಿಸಿ ಮುಂದಿನವರಿಗೆ ಒಪ್ಪಿಸುತ್ತಾರೆ. ಒಳ್ಳೆಯ ಹೆಡ್‌ಮಾಸ್ತರು ಕೀಲಿಯ ಜೊತೆಗೆ ನಾಲ್ಕು ಹೆಸರುಗಳನ್ನೂ ಒಪ್ಪಿಸುತ್ತಾರೆ: ಈ ಹುಡುಗನಿಗೆ ದೂರದ್ದು ಕಾಣುವುದಿಲ್ಲ, ಮುಂದೆ ಕೂರಿಸಿ, ಈ ಹುಡುಗಿಗೆ ತಾಯಿ ಇಲ್ಲ, ಅಜ್ಜಿಯ ಮನೆಯಲ್ಲಿದ್ದಾಳೆ, ಇವನು ಲೆಕ್ಕದಲ್ಲಿ ಜಾಣ, ಬಾಯಿ ಬಿಡುವುದಿಲ್ಲ. ಯಾವ ವರ್ಗಾವಣೆ ಪತ್ರದಲ್ಲೂ ಬರೆಯದ ಈ ಮಾತುಗಳೇ ಶಾಲೆಯ ನಿಜವಾದ ಆಸ್ತಿ.

ಈಗ ಹೊಸ ಮಗುವಿನ ಕಡೆಯಿಂದ ನೋಡಬೇಕು. ಅಂದು ಅದರ ಎದುರಿಗಿರುವುದೆಲ್ಲ ದೊಡ್ಡದು: ಬಾಗಿಲು, ಗಂಟೆ, ಏಳನೇ ತರಗತಿಯ ಹುಡುಗರು. ಹಾಜರಿ ಪುಸ್ತಕ ತೆರೆದು ಮೇಡಂ ಹೆಸರು ಕೂಗುತ್ತಾರೆ. ಒಂದು ಹೆಸರಿಗೆ ಉತ್ತರ ಬರುವುದಿಲ್ಲ. ಮತ್ತೊಮ್ಮೆ ಕೂಗುತ್ತಾರೆ. ಕೊನೆಗೆ ಪಕ್ಕದ ಮನೆಯ ಹುಡುಗಿ ಎದ್ದು ನಿಂತು, ‘ಮಿಸ್, ಅವನು ಪುಟ್ಟ’ ಎನ್ನುತ್ತಾಳೆ. ಇಡೀ ತರಗತಿ ನಗುತ್ತದೆ. ಹುಟ್ಟಿದಾಗಿನಿಂದ ಅವನನ್ನು ಯಾರೂ ಪುಟ್ಟ ಎಂದಲ್ಲದೆ ಬೇರೆ ಏನೂ ಕರೆದಿಲ್ಲ. ನಾಮಕರಣದ ದಿನ ಕಿವಿಯಲ್ಲಿ ಹೇಳಿದ ಹೆಸರು ಆಧಾರ್ ಕಾರ್ಡಿನಲ್ಲಿ ಭದ್ರವಾಗಿದೆ, ಅವನಿಗೆ ಮಾತ್ರ ಪರಿಚಯವಿಲ್ಲ. ಜಾಣ ಶಿಕ್ಷಕಿ ಆ ನಗುವನ್ನು ಅಲ್ಲಿಗೇ ನಿಲ್ಲಿಸುತ್ತಾಳೆ. ಮೊದಲ ವಾರ ಎರಡೂ ಹೆಸರು ಸೇರಿಸಿ ಕೂಗುತ್ತಾಳೆ. ಮನೆಯ ಹೆಸರಿನ ಕೈ ಹಿಡಿದುಕೊಂಡು ಶಾಲೆಯ ಹೆಸರು ನಿಧಾನವಾಗಿ ಒಳಗೆ ಬರುತ್ತದೆ. ಶಾಲೆಗೆ ಕಳಿಸುವ ಮುಂಚಿನ ವಾರ ತಂದೆತಾಯಿ ಮನೆಯಲ್ಲಿ ದಿನಕ್ಕೆರಡು ಸಲ ಮಗುವನ್ನು ಪೂರ್ತಿ ಹೆಸರಿನಿಂದ ಕರೆದರೂ ಸಾಕು, ಅರ್ಧ ಅಳು ಕಡಿಮೆಯಾಗುತ್ತದೆ.

ಇನ್ನರ್ಧ ಅಳುವಿಗೆ ಕಾರಣ ದೊಡ್ಡವರ ಸುಳ್ಳು. ‘ಇಲ್ಲೇ ಹೊರಗೆ ಕೂತಿರ್ತೀನಿ ಕಂದ’ ಎಂದು ಹೇಳಿ, ಮಗು ಅತ್ತ ತಿರುಗಿದಾಗ ಸೆರಗು ಬಿಡಿಸಿಕೊಂಡು ಹೊರಟುಬಿಡುವುದು ಎಲ್ಲ ಊರುಗಳಲ್ಲೂ ನಡೆಯುತ್ತದೆ. ತಾಯಿಗೂ ಸುಲಭವಲ್ಲ, ಗೇಟಿನಾಚೆ ನಿಂತು ಕಣ್ಣೊರೆಸಿಕೊಳ್ಳುತ್ತಾಳೆ. ಆದರೆ ಮಗು ತಿರುಗಿ ನೋಡಿದಾಗ ಅಮ್ಮ ಇರುವುದಿಲ್ಲ. ಶಾಲೆಯ ಮೊದಲ ದಿನ ಅದು ಕಲಿತ ಮೊದಲ ಪಾಠ ‘ಅ’ ಅಲ್ಲ, ಅಮ್ಮನೂ ಸುಳ್ಳು ಹೇಳುತ್ತಾಳೆ ಎಂಬುದು. ಇದರ ಬದಲು ‘ನಾನೀಗ ಮನೆಗೆ ಹೋಗ್ತೀನಿ, ಊಟದ ಗಂಟೆ ಹೊಡೆದ ಮೇಲೆ ಬರ್ತೀನಿ’ ಎಂದು ನೇರವಾಗಿ ಹೇಳಿ, ಹೇಳಿದ ಹೊತ್ತಿಗೆ ಬಾಗಿಲಲ್ಲಿ ನಿಂತರೆ, ಮೂರನೆಯ ದಿನಕ್ಕೆ ಮಗು ತಾನೇ ಕೈ ಬೀಸುತ್ತದೆ. ಅಷ್ಟೇ ಕೆಟ್ಟ ಅಭ್ಯಾಸ ಇನ್ನೊಂದಿದೆ. ಇಡೀ ಬೇಸಗೆ ತಂಟೆ ಮಾಡಿದಾಗಲೆಲ್ಲ ‘ಇರು, ಸ್ಕೂಲಿಗೆ ಹಾಕ್ತೀನಿ, ಮೇಷ್ಟ್ರು ಸರಿ ಮಾಡ್ತಾರೆ’ ಎಂದು ಹೆದರಿಸುವುದು. ಎರಡು ತಿಂಗಳು ಶಾಲೆಯನ್ನು ಗುಮ್ಮ ಮಾಡಿಟ್ಟು, ಜೂನ್‌ನಲ್ಲಿ ಅದರ ಮಡಿಲಿಗೆ ಮಗುವನ್ನು ಹಾಕಿದರೆ ಅಳದೆ ಇನ್ನೇನು ಮಾಡೀತು?

ಮೇಷ್ಟ್ರು ಸರಿ ಮಾಡುತ್ತಿದ್ದ ಕಾಲವೂ ಇತ್ತು, ನಿಜ. ಶಾಲೆಗೆ ಬರದ ಹುಡುಗನನ್ನು ಹಿಡಿದು ತರಲು ನಾಲ್ಕು ಮಂದಿ ಗಟ್ಟಿಗರನ್ನು ಕಳಿಸುತ್ತಿದ್ದರು. ಅವರು ಬೇಲಿಯ ಮರೆಯಲ್ಲಿ ಅಡಗಿದವನನ್ನು ಕೈಕಾಲು ಹಿಡಿದು, ಜಾತ್ರೆಯ ಉತ್ಸವಮೂರ್ತಿಯಂತೆ ಹೊತ್ತು ತರುತ್ತಿದ್ದರು. ಹಿರಿಯರು ಈಗ ಅದನ್ನು ನಗುತ್ತ ಹೇಳುತ್ತಾರೆ. ಆದರೆ ಹಾಗೆ ಹೊತ್ತು ತಂದವರಲ್ಲಿ ಎಷ್ಟೋ ಮಂದಿ ಮಾರನೆಯ ವರ್ಷ ಸಿಕ್ಕಲೇ ಇಲ್ಲ. ಅವರು ಈ ಕಥೆ ಹೇಳಲು ಬಂದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದಾಗ ಅದರ 17ನೆಯ ಕಲಂ ಮಗುವಿಗೆ ಹೊಡೆಯುವುದನ್ನೂ, ಮನಸ್ಸು ನೋಯಿಸಿ ಹಿಂಸಿಸುವುದನ್ನೂ ನಿಷೇಧಿಸಿತು. ಅದಕ್ಕೂ ಮುಂಚೆ, 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ‘ನಲಿ ಕಲಿ’ ಎಂಬ ಬೇರೆ ದಾರಿಯನ್ನು ಹಿಡಿದಿದ್ದರು. ಆಂಧ್ರದ ರಿಷಿ ವ್ಯಾಲಿಯಲ್ಲಿ ನಡೆದ ಪ್ರಯೋಗ ಅವರಿಗೆ ಪ್ರೇರಣೆ. ಬೆಂಚಿನ ಸಾಲಿನ ಬದಲು ನೆಲದ ಮೇಲೆ ಗುಂಪು, ಹಾಡು, ಚಿತ್ರದ ಕಾರ್ಡು, ಒಂದೊಂದು ಮಗುವಿಗೂ ಅದರದೇ ವೇಗ. ಮೂರು ದಿನ ಬಾರದ ಮಗು ನಾಲ್ಕನೆಯ ದಿನ ಬಂದರೆ ತಾನು ಬಿಟ್ಟಲ್ಲಿಂದಲೇ ಹಿಡಿಯಬಹುದು. ಬಿತ್ತನೆಗೆ ಹೋದ ಹುಡುಗನಿಗೆ ಇದಕ್ಕಿಂತ ದೊಡ್ಡ ಸ್ವಾಗತ ಯಾವುದು?

ಕಣ್ಣಿಗೆ ಬೀಳದ ಒಂದು ಅಡಚಣೆ ಮಾತಿನದು. ತುಳು, ಕೊಂಕಣಿ, ಬ್ಯಾರಿ, ಕೊಡವ, ಉರ್ದು, ಲಂಬಾಣಿ, ತೆಲುಗು, ಮರಾಠಿ ಮಾತಾಡುವ ಮನೆಗಳಿಂದ ಕನ್ನಡ ಶಾಲೆಗೆ ಬರುವ ಮಕ್ಕಳು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸುತ್ತಿನ ಶಾಲೆಗಳಿಗೆ ಈಗ ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಕ್ಕಳೂ ಬರುತ್ತಾರೆ. ಇಂಥ ಮಗುವಿಗೆ ಮೊದಲ ದಿನ ಬೇಕಾದ ಮಾತು ವರ್ಣಮಾಲೆಯಲ್ಲಿಲ್ಲ. ‘ಒಂದಕ್ಕೆ’ ಎಂದು ಬೆರಳೆತ್ತಿದರೆ ಹೊರಗೆ ಬಿಡುತ್ತಾರೆ ಎಂಬುದು ಶಾಲೆಯ ಗುಟ್ಟು; ಹೊಸದಾಗಿ ಬಂದ ಮಗುವಿಗೆ ಅದು ತಿಳಿಯದು. ತಡೆದುಕೊಂಡು ತಡೆದುಕೊಂಡು ಕೊನೆಗೆ ಚಡ್ಡಿ ಒದ್ದೆಯಾಗುತ್ತದೆ. ಸುತ್ತಲಿನವರು ನಗುತ್ತಾರೆ. ಮರುದಿನ ಮಗು ಹೊಟ್ಟೆನೋವು ಎನ್ನುತ್ತದೆ, ಅದರ ಮರುದಿನವೂ ಹೊಟ್ಟೆನೋವು. ಹೀಗೆ ತಪ್ಪಿದ ಶಾಲೆಗೆ ಮನೆಯವರು ಕಾರಣ ಹುಡುಕುತ್ತಲೇ ಇರುತ್ತಾರೆ.

ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಮೊದಲ ದಿನ ಎಲ್ಲ ಹೊಸ ಮಕ್ಕಳನ್ನೂ ಕೈ ಹಿಡಿದು ಶಾಲೆ ಸುತ್ತಿಸಿ, ಇದು ನೀರಿನ ನಲ್ಲಿ, ಇದು ಶೌಚಾಲಯ, ಬೇಕಾದಾಗ ಹೀಗೆ ಬೆರಳು ತೋರಿಸು ಎಂದು ಮಾಡಿ ತೋರಿಸಿದರೆ ಆಯಿತು. ಮಗುವಿನ ಮನೆಮಾತಿನ ಹತ್ತು ಪದಗಳನ್ನು ಶಿಕ್ಷಕರು ಕಲಿತರೆ ಇನ್ನೂ ಒಳ್ಳೆಯದು: ನೀರು, ಹಸಿವು, ನೋವು, ಮನೆ, ಅಮ್ಮ. ಎಲ್ಲಕ್ಕಿಂತ ಮೊದಲು ‘ಬಾ’. ತುಳುವಿನಲ್ಲಿ ಅದು ‘ಬಲ’, ತೆಲುಗಿನಲ್ಲಿ ‘ರಾ’, ಮರಾಠಿಯಲ್ಲಿ ‘ಯೇ’. ಒಂದೇ ಅಕ್ಷರ, ಎರಡೇ ಅಕ್ಷರ. ತನ್ನ ಮನೆಯ ಮಾತು ಮೇಷ್ಟ್ರ ಬಾಯಲ್ಲಿ ಕೇಳಿದ ಮಗುವಿನ ಮುಖ ಅರಳುವುದನ್ನು ಕಂಡ ಶಿಕ್ಷಕರು ಹನ್ನೊಂದನೆಯ ಪದವನ್ನು ತಾವಾಗಿಯೇ ಕಲಿಯುತ್ತಾರೆ. ಆಮೇಲೆ ಕನ್ನಡ ಬರಲು ಹೆಚ್ಚು ದಿನ ಬೇಕಾಗುವುದಿಲ್ಲ. ಆಟದ ಬಯಲಿನಲ್ಲಿ ಅದು ಪಾಠಕ್ಕಿಂತ ಮುಂದೆ ಓಡುತ್ತದೆ.

ಬಾಗಿಲಲ್ಲಿ ಕಾಗದ ಕೇಳಿ ವಾಪಸು ಕಳಿಸುವುದೂ ಉಂಟು. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ, ಇಟ್ಟಿಗೆ ಗೂಡಿಗೆ ಊರು ಬಿಟ್ಟು ಹೋದವರ ಮಕ್ಕಳ ಕೈಯಲ್ಲಿ ಟಿ.ಸಿ. ಇರುವುದಿಲ್ಲ, ಜನನ ಪ್ರಮಾಣಪತ್ರ ಸಂದೂಕದಲ್ಲಿ ಎಲ್ಲೋ ಉಳಿದಿರುತ್ತದೆ. ತಂದೆತಾಯಿಗಳು ಇಲ್ಲಿ ಕಾನೂನು ತಿಳಿದಿರಬೇಕು. ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಎಂಟನೇ ತರಗತಿಯವರೆಗೆ ವಯಸ್ಸಿನ ಪುರಾವೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಇದು ಶಿಕ್ಷಣ ಹಕ್ಕು ಕಾಯ್ದೆಯ 14ನೆಯ ಕಲಂ. ಸರ್ಕಾರಿ ಶಾಲೆಯಲ್ಲಾಗಲಿ ಅನುದಾನಿತ ಶಾಲೆಯಲ್ಲಾಗಲಿ ವರ್ಗಾವಣೆ ಪತ್ರ ತಡವಾಯಿತೆಂದು ತಡೆಯುವಂತಿಲ್ಲ. ಇದು 5ನೆಯ ಕಲಂ. ಶಾಲೆ ಬಿಟ್ಟ ಮಗು ಮತ್ತೆ ಬಂದರೆ ಅದರ ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಿ ಹಿಂದಿನದನ್ನು ಪ್ರತ್ಯೇಕವಾಗಿ ಕಲಿಸಬೇಕು, ಇದು 4ನೆಯದು. ಹತ್ತು ವರ್ಷದ ಹುಡುಗಿಯನ್ನು ಆರು ವರ್ಷದವರ ಜೊತೆ ಕೂರಿಸಿದರೆ ಅವಳು ಎರಡೇ ದಿನ ಬಂದಾಳು ಎಂಬುದನ್ನು ಕಾನೂನು ಬರೆದವರು ಅರಿತಿದ್ದರು. ಪಟ್ಟಣದ ಖಾಸಗಿ ಶಾಲೆಗಳಿಗೂ ಒಂದು ಮಾತಿದೆ. ಪ್ರವೇಶಕ್ಕೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಸಂದರ್ಶನ ಮಾಡಿ ಆರಿಸುವುದನ್ನು 13ನೆಯ ಕಲಂ ನಿಷೇಧಿಸಿದೆ. ಕೈಯಿಂದ ಕಿವಿ ಮುಟ್ಟಿಸುತ್ತಿದ್ದ ಹಳೆಯ ಮೇಷ್ಟ್ರ ಪರೀಕ್ಷೆ ಇದಕ್ಕಿಂತ ದೊಡ್ಡ ಮನಸ್ಸಿನದಾಗಿತ್ತು; ಅದು ಸೇರಿಸಿಕೊಳ್ಳಲು ದಾರಿ ಹುಡುಕುವ ಪರೀಕ್ಷೆ.

ಶಾಲೆಯ ಬಾಗಿಲು ತೆರೆಯದೇ ಹೋದರೆ ಏನಾಗುತ್ತದೆ ಎಂಬುದನ್ನು ಈ ನಾಡು ಒಮ್ಮೆ ಕಂಡಿದೆ. ಕೋವಿಡ್‌ನಿಂದ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ಶಿಕ್ಷಕರು ‘ವಿದ್ಯಾಗಮ’ ಎಂದು ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಪಾಠ ಮಾಡಿದರು. ಅದೂ ನಡುವೆ ನಿಂತಿತು. 2020ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಶಾಲೆಯ ಕೋಣೆಯೊಳಗೆ ಮೊದಲ ಸಲ ಕೂತದ್ದು ಎರಡನೇ ತರಗತಿಯಲ್ಲಿ. ಮುಖಕ್ಕೆ ಮಾಸ್ಕು, ಪಕ್ಕದವನ ಹೆಸರು ಗೊತ್ತಿಲ್ಲ, ಪೆನ್ಸಿಲ್ ಹಿಡಿಯಲು ಬಾರದು. ಮರು ವರ್ಷ, 2022ರಲ್ಲಿ, ಹಾಳಾದ ದಿನಗಳನ್ನು ತುಂಬಿಕೊಳ್ಳಲು ‘ಕಲಿಕಾ ಚೇತರಿಕೆ’ ಎಂದು ಮೇ 16ಕ್ಕೇ ಶಾಲೆ ಆರಂಭಿಸಿದರು. ಆದರೆ ಅಷ್ಟರಲ್ಲಿ ಹಿರಿಯ ತರಗತಿಯ ಕೆಲವು ಹುಡುಗರು ಗ್ಯಾರೇಜಿನಲ್ಲಿ ಕೂಲಿ ಹಿಡಿದಾಗಿತ್ತು, ಕೆಲವು ಹುಡುಗಿಯರ ಮದುವೆ ಆಗಿಹೋಗಿತ್ತು. ತೆರೆದ ಬಾಗಿಲು ಮಾಮೂಲಿ ಎಂದುಕೊಂಡಿದ್ದವರಿಗೆ ಅದರ ಬೆಲೆ ಆಗ ತಿಳಿಯಿತು.

ಎಲ್ಲರೂ ಒಂದನೇ ತರಗತಿಯ ಹೊಸಬರನ್ನು ನೋಡುತ್ತಾರೆ. ಎಂಟನೆಯವರೂ ಹೊಸಬರೇ. ನಮ್ಮಲ್ಲಿ ಹೆಚ್ಚಿನ ಹಳ್ಳಿಗಳ ಶಾಲೆ ಏಳಕ್ಕೆ ಮುಗಿಯುತ್ತದೆ. ಹೈಸ್ಕೂಲು ಹೋಬಳಿಯ ಊರಿನಲ್ಲಿ. ಏಳನೆಯಲ್ಲಿ ಊರಿನ ಶಾಲೆಗೇ ಹಿರಿಯರಾಗಿದ್ದ ಮಕ್ಕಳು ಎಂಟಕ್ಕೆ ಹೋದಾಗ ಮತ್ತೆ ಹಿಂದಿನ ಬೆಂಚಿನ ಅಪರಿಚಿತರು. ಬಸ್ಸು ಒಂದೇ, ಅದೂ ತುಂಬಿರುತ್ತದೆ. ‘ಹೆಣ್ಣುಮಗಳು, ಅಷ್ಟು ದೂರ ಒಬ್ಬಳೇ ಹೇಗೆ?’ ಎಂಬ ಪ್ರಶ್ನೆ ಜೂನ್ ತಿಂಗಳಲ್ಲೇ ಮನೆಯೊಳಗೆ ಬರುತ್ತದೆ. 2006–07ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡುವ ಯೋಜನೆ ಬಂದಾಗ ಆ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ ಉತ್ತರ ಸಿಕ್ಕಿತು; ಒಂದೇ ಊರಿನ ನಾಲ್ಕೈದು ಹುಡುಗಿಯರು ಸಾಲಾಗಿ ಸೈಕಲ್ ತುಳಿಯುತ್ತ ಹೋದರೆ ದಾರಿಗೂ ಧೈರ್ಯ ಬರುತ್ತಿತ್ತು. ಸೈಕಲ್ ಇರಲಿ ಇಲ್ಲದಿರಲಿ, ಊರಿನವರು ಮಾಡಬಹುದಾದದ್ದು ಇಷ್ಟಿದೆ: ಎಂಟಕ್ಕೆ ಹೋಗುವವರನ್ನು ಒಂಬತ್ತು, ಹತ್ತರಲ್ಲಿರುವ ಅದೇ ಊರಿನ ಅಕ್ಕಂದಿರ ಜೊತೆ ಹಾಕುವುದು. ಒಬ್ಬಳ ಹೆಸರು ಹಾಜರಿಯಲ್ಲಿ ಉಳಿದರೆ ಅವಳ ತಂಗಿಯ ಹೆಸರೂ ಉಳಿಯುತ್ತದೆ.

ಊಟದ ಮಾತು ಹೇಳದಿದ್ದರೆ ಸ್ವಾಗತದ ಮಾತು ಪೂರ್ತಿಯಾಗದು. ಶಾಲೆಗಳಲ್ಲಿ ಬಿಸಿಯೂಟ ಬಡಿಸಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2001ರ ನವೆಂಬರ್‌ನಲ್ಲಿ. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರು ವರ್ಷ ಉಳಿದ ಕಡೆಗೂ ಬಂತು. 2013ರಿಂದ ಹಾಲೂ ಸೇರಿತು. ದಾಸೋಹವೆಂಬ ಹೆಸರನ್ನು ಆರಿಸಿದವರು ಬಲ್ಲವರು. ಈ ನಾಡಿನಲ್ಲಿ ಬಂದವರನ್ನು ಮೊದಲು ಕೇಳುವ ಮಾತೇ ‘ಊಟ ಆಯ್ತಾ?’ ಎಂಬುದು. ಶಾಲೆಯೂ ಅದನ್ನೇ ಕೇಳಿದರೆ ಅದು ಪರರ ಮನೆಯಾಗಿ ಉಳಿಯುವುದಿಲ್ಲ. ಸಾಲಾಗಿ ಕೂತು, ಒಂದೇ ಪಾತ್ರೆಯ ಸಾರು ಹಾಕಿಸಿಕೊಂಡು ಉಣ್ಣುವಾಗ ಪಕ್ಕದಲ್ಲಿ ಯಾವ ಕೇರಿಯ ಮಗು ಕೂತಿದೆ ಎಂದು ನೋಡದ ಅಭ್ಯಾಸ ಮೊದಲ ದಿನದಿಂದಲೇ ಬರಬೇಕು. ಅದನ್ನು ಪುಸ್ತಕ ಕಲಿಸುವುದಿಲ್ಲ, ಪಂಕ್ತಿ ಕಲಿಸುತ್ತದೆ. ಬಡಿಸುವ ಅಡುಗೆಯಮ್ಮನಿಗೆ ಮಕ್ಕಳೆಲ್ಲರ ಮುಖ ಗೊತ್ತು; ಯಾರು ಎರಡನೆಯ ಸಲ ಕೇಳಲು ನಾಚುತ್ತಾರೆ ಎಂಬುದೂ ಗೊತ್ತು.

ತಂದೆತಾಯಿಯರು ಮೊದಲ ದಿನ ಗೇಟಿನ ತನಕ ಬಂದು ಮತ್ತೆ ಫಲಿತಾಂಶದ ದಿನ ಕಾಣಿಸಿಕೊಂಡರೆ ಸಾಲದು. ಶಾಲೆಯ ಆಡಳಿತ ನೋಡುವ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆ ಕುರ್ಚಿ ಖಾಲಿಯಿದ್ದರೆ ನೀರಿನ ತೊಟ್ಟಿ ತೊಳೆಯಲಾಗಿದೆಯೇ ಎಂದು ಕೇಳುವವರಿಲ್ಲ. ಮನೆಯಲ್ಲೂ ಒಂದು ಸಣ್ಣ ಕೆಲಸವಿದೆ. ಸಂಜೆ ಮಗು ಬಂದ ಕೂಡಲೇ ‘ಇವತ್ತು ಏನು ಬರೆಸಿದರು?’ ಎಂದು ಚೀಲ ಬಿಚ್ಚುವ ಮೊದಲು, ‘ಪಕ್ಕದಲ್ಲಿ ಯಾರು ಕೂತಿದ್ದರು?’ ಎಂದು ಕೇಳಬಹುದು. ಒಂದು ಹೆಸರು ಹೇಳಿತೆಂದರೆ ಮಗು ಶಾಲೆಯಲ್ಲಿ ಬೇರು ಬಿಟ್ಟಿತೆಂದು ತಿಳಿಯಬೇಕು. ಹಳೆಯ ವಿದ್ಯಾರ್ಥಿಗಳಿಗೂ ಕೆಲಸವಿದೆ. ಹೊಸ ಮಗು ಒಂಟಿಯಾಗಿ ಕಂಬ ಹಿಡಿದು ನಿಂತಿದ್ದರೆ ಆಟಕ್ಕೆ ಒಬ್ಬರು ಕಡಿಮೆ ಇದ್ದಾರೆ ಎಂದು ಸುಳ್ಳು ಹೇಳಿಯಾದರೂ ಕರೆಯುವುದು. ಆ ಒಂದು ಸುಳ್ಳಿಗೆ ಮಾಫಿಯಿದೆ.

ಜೂನ್ ಹತ್ತರ ಹೊತ್ತಿಗೆ ಬಾಗಿಲ ತೋರಣ ಒಣಗಿ ಸದ್ದು ಮಾಡತೊಡಗುತ್ತದೆ. ಡೊಳ್ಳಿನವರು ಹೊಲಕ್ಕೆ ಹೋಗಿದ್ದಾರೆ. ಹೊಸ ಪುಸ್ತಕಕ್ಕೆ ಸಾರಿನ ಕಲೆ ಬಿದ್ದಿದೆ. ಆಗ ಒಂದು ಬೆಳಿಗ್ಗೆ ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬರುವುದಿಲ್ಲ. ಪೆನ್ನು ಅಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಗೈರುಹಾಜರಿಯ ಗುರುತು ಹಾಕಿ ಮುಂದಿನ ಹೆಸರಿಗೆ ಹೋಗುವುದು ಸುಲಭ. ದಿನವೂ ಹಾಗೆ ಹೋದರೆ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ, ಮಗು ಉಳಿಯುವುದಿಲ್ಲ. ಕೆಲವು ಶಿಕ್ಷಕರು ತಲೆಯೆತ್ತಿ, ‘ಯಾಕ ಬಂದಿಲ್ಲ ಅಂವ?’ ಎಂದು ಕೇಳುತ್ತಾರೆ. ‘ಜ್ವರ ಬಂದಾವ್ರಿ ಅಕ್ಕಾರ’ ಎಂದು ಹಿಂದಿನಿಂದ ದನಿ ಬರುತ್ತದೆ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಆಕೆ ಆ ಓಣಿಗೆ ತಿರುಗಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮಗುವಿನ ಹಣೆ ಮುಟ್ಟಿ ನೋಡುತ್ತಾರೆ. ಮಗು ಹೊದಿಕೆಯ ಒಳಗಿನಿಂದ ಕಣ್ಣು ಬಿಟ್ಟು, ಶಾಲೆಯ ಅಕ್ಕಾರು ತಮ್ಮ ಮನೆಯಲ್ಲಿ ನಿಂತಿರುವುದನ್ನು ನೋಡುತ್ತದೆ. ತಾಯಿ ಚಹಕ್ಕೆ ನೀರಿಡುತ್ತಾಳೆ.